ಶಾಸ್ತ್ರಬರಹದಲ್ಲಿ ‘ನಾನು’: ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ವಿದ್ವತ್ ಗದ್ಯದಲ್ಲಿ ಕರ್ತೃವಿನ ಇರವು

ಕಾವ್ಯದಲ್ಲಿ ಕವಿ ಎಲ್ಲಿದ್ದಾನೆ ಎಂಬ ಪ್ರಶ್ನೆಯನ್ನು ವಿಮರ್ಶಕರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಶಾಸ್ತ್ರಗ್ರಂಥದಲ್ಲಿ ಶಾಸ್ತ್ರಕಾರ ಎಲ್ಲಿದ್ದಾನೆ ಎಂದು ಕೇಳಿದವರು ವಿರಳ. ಶಾಸ್ತ್ರವೆಂದರೆ ವಸ್ತುನಿಷ್ಠವಾದುದು, ಅಲ್ಲಿ ಬರೆದವನ ಸುಳಿವೂ ಇರಬಾರದೆಂಬ ನಂಬಿಕೆ ವಿದ್ಯಾವಂತರಲ್ಲಿ ಬೇರೂರಿದೆ. ಸಂಶೋಧನ ಪ್ರಬಂಧವನ್ನು ಸಿದ್ಧಪಡಿಸುವ ವಿದ್ಯಾರ್ಥಿ ಎಲ್ಲಿಯಾದರೂ ‘ನಾನು’ ಎಂದು ಬರೆದರೆ ಮಾರ್ಗದರ್ಶಕರ ಕೆಂಪು ಗೆರೆ ಮೊದಲು ಬೀಳುವುದು ಆ ಪದದ ಮೇಲೆಯೇ. ‘ನಾನು ಕಂಡೆ’ ಎಂಬುದು ‘ಕಂಡುಬರುತ್ತದೆ’ ಎಂದಾಗುತ್ತದೆ. ‘ನನ್ನ ಅಭಿಪ್ರಾಯ’ ಎಂಬುದು ‘ಪ್ರಸ್ತುತ ಸಂಶೋಧಕನ ಅಭಿಪ್ರಾಯ’ ಎಂದಾಗುತ್ತದೆ. ಹೀಗೇಕೆಂದು ಕೇಳಿದರೆ ಎರಡು ಉತ್ತರಗಳು ದೊರೆಯುತ್ತವೆ. ‘ನಾನು’ ಎಂಬುದು ಅಹಂಕಾರದ ಗುರುತು ಎಂಬುದು ಒಂದು. ಇಂಗ್ಲಿಷಿನಲ್ಲಿ ಶಾಸ್ತ್ರವನ್ನು ಹೀಗೆಯೇ ಬರೆಯುತ್ತಾರೆ ಎಂಬುದು ಇನ್ನೊಂದು.

ಈ ಎರಡು ಉತ್ತರಗಳೂ ಪರಿಶೀಲನೆಗೆ ಅರ್ಹವಾದುವು. ಇಂಗ್ಲಿಷ್ ವಿದ್ವತ್ ಗದ್ಯದ ಚರಿತ್ರೆಯನ್ನು ಅವಲೋಕಿಸಿದರೆ ಎರಡನೆಯ ಉತ್ತರ ಅರ್ಧಸತ್ಯವೆಂಬುದು ವಿದಿತವಾಗುತ್ತದೆ. ಅದರ ಪಕ್ಕದಲ್ಲಿ ಸ್ಪ್ಯಾನಿಷ್ ವಿದ್ವತ್ ಗದ್ಯವನ್ನಿಟ್ಟು ನೋಡಿದರೆ ಮೊದಲನೆಯ ಉತ್ತರವೂ ಅಲುಗಾಡುತ್ತದೆ. ಕಳೆದ ಕೆಲವು ದಶಕಗಳಲ್ಲಿ ಈ ಎರಡು ಭಾಷೆಗಳ ಶಾಸ್ತ್ರಬರಹವನ್ನು ಹೋಲಿಸಿ ಅನೇಕ ಅಧ್ಯಯನಗಳು ಹೊರಬಂದಿವೆ. ಅವುಗಳ ಫಲಿತಗಳನ್ನು ಒರೆಗೆ ಹಚ್ಚಿ ನೋಡುವುದು ವಚನವಾಙ್ಮಯದ ಅಭ್ಯಾಸಿಗಳಿಗೂ ಪ್ರಯೋಜನಕರ. ಕರ್ತೃ ತನ್ನ ಕೃತಿಯಲ್ಲಿ ಹೇಗಿರಬೇಕು ಎಂಬ ಪ್ರಶ್ನೆ ಅಂಕಿತವನ್ನು ಬಲ್ಲವರಿಗೆ ಹೊಸದಲ್ಲ.

ಇಂಗ್ಲಿಷಿನ ದಾರಿ

ಲಂಡನ್ನಿನ ರಾಯಲ್ ಸೊಸೈಟಿ 1660ರಲ್ಲಿ ಸ್ಥಾಪಿತವಾಯಿತು. ಅದರ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ 1665ರಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. ಯಾರ ಮಾತನ್ನೂ ಕೇವಲ ಅವರು ಹೇಳಿದರೆಂಬ ಕಾರಣಕ್ಕೆ ನಂಬಲಾಗದು ಎಂಬರ್ಥದ ಲ್ಯಾಟಿನ್ ನುಡಿ ಆ ಸಂಸ್ಥೆಯ ಧ್ಯೇಯವಾಕ್ಯ. ಅಂತಹ ಸಂಸ್ಥೆಯ ಪತ್ರಿಕೆಯಲ್ಲಿ ಬರೆದವನ ಹೆಸರು ಹಿಂದೆ ಸರಿದಿರಬಹುದೆಂದು ಊಹಿಸುವುದು ಸಹಜ. ವಾಸ್ತವ ಇದಕ್ಕೆ ತೀರ ವಿರುದ್ಧವಾಗಿದೆ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ವಾಯುಯಂತ್ರದ ಪ್ರಯೋಗಗಳ ಗ್ರಂಥ ಉತ್ತಮಪುರುಷದ ನಿರೂಪಣೆಯಲ್ಲಿದೆ. ತಾನು ಏನು ಮಾಡಿದೆ, ಏನು ಕಂಡೆ, ಯಾರು ಜೊತೆಯಲ್ಲಿ ನಿಂತು ನೋಡಿದರು, ಯಾವ ಪ್ರಯೋಗ ವಿಫಲವಾಯಿತು ಎಂಬುದನ್ನೆಲ್ಲ ಆತ ವಿವರಿಸುತ್ತಾನೆ. ಐಸಾಕ್ ನ್ಯೂಟನ್ 1672ರಲ್ಲಿ ಬೆಳಕು ಮತ್ತು ಬಣ್ಣಗಳನ್ನು ಕುರಿತು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಪತ್ರ ತ್ರಿಕೋನಾಕಾರದ ಗಾಜನ್ನು ತಾನು ಸಂಪಾದಿಸಿದ ಕಥೆಯಿಂದ ತೊಡಗುತ್ತದೆ.

ಈ ‘ನಾನು’ ಸಾಕ್ಷಿಯ ‘ನಾನು’. ಪ್ರಯೋಗಶಾಲೆಗೆ ಬರಲಾರದ ಓದುಗನ ಕಣ್ಣಾಗಿ ನಿಂತು, ನೋಡಿದುದನ್ನು ಪ್ರಮಾಣ ಮಾಡಿ ಹೇಳುವವನು ಬೇಕಾಗಿದ್ದನು. ಸ್ಟೀವನ್ ಶೇಪಿನ್ ಮತ್ತು ಸೈಮನ್ ಶಾಫರ್ ಎಂಬ ವಿಜ್ಞಾನೇತಿಹಾಸಕಾರರು 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದವಾಗಿ ತೋರಿಸಿದ್ದಾರೆ. ಬಾಯ್ಲ್ ತನ್ನ ಸೋಲುಗಳನ್ನೂ ಬರೆದುದು ಅವನ ಗೆಲುವುಗಳಿಗೆ ನಂಬಿಕೆಯನ್ನು ತಂದಿತು. ತಪ್ಪನ್ನು ಒಪ್ಪಿಕೊಳ್ಳುವವನ ‘ನಾನು’ ಅಹಂಕಾರದ್ದಾಗಲಾರದು. ಹೊಣೆ ಹೊರುವವನ ಗುರುತು ಅದು.

ಮುಂದೆ ಈ ‘ನಾನು’ ಕ್ರಮೇಣ ಮರೆಯಾಯಿತು. ಡ್ವೈಟ್ ಅಟ್ಕಿನ್ಸನ್ ಎಂಬ ವಿದ್ವಾಂಸ 1675ರಿಂದ 1975ರವರೆಗಿನ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಬರಹಗಳನ್ನು ಪರಿಶೀಲಿಸಿ 1999ರಲ್ಲಿ ಒಂದು ಗ್ರಂಥವನ್ನು ಹೊರತಂದನು. ಕರ್ತೃವನ್ನು ಕೇಂದ್ರವಾಗಿಟ್ಟ ಬರವಣಿಗೆ ವಸ್ತುವನ್ನು ಕೇಂದ್ರವಾಗಿಟ್ಟ ಬರವಣಿಗೆಯಾಗಿ ಮಾರ್ಪಟ್ಟಿತೆಂಬುದು ಆತನ ನಿರ್ಣಯ. ಇದಕ್ಕೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಪ್ರಯೋಗಶಾಲೆಗಳು ಹೆಚ್ಚಿದವು, ಉಪಕರಣಗಳು ಸರ್ವಸಾಮಾನ್ಯವಾದವು. ಯಾರು ಮಾಡಿದರೂ ಅದೇ ಫಲ ಬರಬೇಕೆಂಬ ನಿಯಮ ಸ್ಥಿರವಾದ ಮೇಲೆ ಮಾಡಿದವನ ಹೆಸರಿಗಿಂತ ಮಾಡುವ ವಿಧಾನ ಮುಖ್ಯವೆನಿಸಿತು. ಕರ್ಮಣಿ ಪ್ರಯೋಗ ಹೀಗೆ ಶಾಸ್ತ್ರದ ಸಹಜ ವೇಷವಾಯಿತು.

ಆದರೂ ‘ನಾನು’ ಪೂರ್ಣವಾಗಿ ಅಳಿದುಹೋಗಲಿಲ್ಲ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಜೀವಜಾತಿಗಳ ಉಗಮದ ಗ್ರಂಥ ಬೀಗಲ್ ನೌಕೆಯಲ್ಲಿ ತಾನು ಪ್ರಯಾಣ ಮಾಡಿದುದನ್ನು ನೆನೆಯುತ್ತ ಆರಂಭವಾಗುತ್ತದೆ. 1953ರ ಏಪ್ರಿಲ್ 25ರಂದು ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಕಿರುಲೇಖನ ‘ನಾವು’ ಎಂಬ ಪದದಿಂದಲೇ ತೊಡಗಿ, ತಮ್ಮ ಕಲ್ಪನೆಯ ರಚನೆಯನ್ನು ಮುಂದಿಡುತ್ತದೆ. ಆನುವಂಶಿಕತೆಯ ಗುಟ್ಟೇ ಇಲ್ಲಿ ಬಿಚ್ಚಿಕೊಳ್ಳಬಹುದೆಂಬ ಮಹತ್ವದ ಸೂಚನೆಯನ್ನು ಲೇಖನದ ಕೊನೆಯ ಭಾಗದಲ್ಲಿ ಅವರು ಅತ್ಯಂತ ತಗ್ಗಿದ ದನಿಯಲ್ಲಿ, ಅದು ತಮ್ಮ ಗಮನಕ್ಕೆ ಬಾರದೆ ಇಲ್ಲ ಎಂಬ ಧಾಟಿಯಲ್ಲಿ ಹೇಳಿದರು. ಆ ತಗ್ಗಿದ ದನಿಯಲ್ಲಿ ಅವರ ಆತ್ಮವಿಶ್ವಾಸ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆಂಬುದು ಗಮನಾರ್ಹ.

ಪೀಟರ್ ಮೆಡಾವರ್ ಎಂಬ ನೊಬೆಲ್ ಪುರಸ್ಕೃತ ಜೀವವಿಜ್ಞಾನಿ 1963ರಲ್ಲಿ ಬಾನುಲಿಯಲ್ಲಿ ಮಾತನಾಡುತ್ತ, ವಿಜ್ಞಾನದ ಲೇಖನವೇ ಒಂದು ವಂಚನೆಯಲ್ಲವೆ ಎಂಬ ತೀಕ್ಷ್ಣ ಪ್ರಶ್ನೆಯನ್ನೆತ್ತಿದನು. ಲೇಖನದಲ್ಲಿರುವ ಅಂಶಗಳು ಸುಳ್ಳೆಂಬುದು ಆತನ ಆಕ್ಷೇಪವಾಗಿರಲಿಲ್ಲ. ಊಹೆ, ತಪ್ಪು, ಹಠಾತ್ ಹೊಳಹು ಇವುಗಳಿಂದ ಕೂಡಿದ ಚಿಂತನೆಯ ನಿಜವಾದ ನಡೆಯನ್ನು ಲೇಖನ ಮರೆಮಾಚುತ್ತದೆ ಎಂಬುದು ಆತನ ದೂರು. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆಯ ಕೈಪಿಡಿ, ತನ್ನ 2019ರ ಏಳನೆಯ ಆವೃತ್ತಿಯಲ್ಲಿ, ಬರೆದವರು ತಮ್ಮನ್ನು ಪ್ರಥಮಪುರುಷದಲ್ಲಿ ‘ಲೇಖಕರು’ ಎಂದು ಕರೆದುಕೊಳ್ಳುವ ಬದಲು ‘ನಾನು’, ‘ನಾವು’ ಎಂದೇ ಹೇಳಬೇಕೆಂದು ಸೂಚಿಸುತ್ತದೆ. ಒಬ್ಬನೇ ಬರೆದಾಗ ‘ನಾವು’ ಎನ್ನಬಾರದೆಂದೂ ಎಚ್ಚರಿಸುತ್ತದೆ. ಕನ್ನಡದ ಮಾರ್ಗದರ್ಶಕರು ಇಂಗ್ಲಿಷಿನ ಹೆಸರಿನಲ್ಲಿ ಹೊಡೆದುಹಾಕುವ ಪದವನ್ನು ಇಂಗ್ಲಿಷೇ ಹೀಗೆ ಮರಳಿ ಬರಮಾಡಿಕೊಂಡಿದೆ.

‘ನಾನು’ವಿನ ಬಗೆಗಳು

ಬರಹದಲ್ಲಿ ಕಾಣಿಸುವ ‘ನಾನು’ಗಳೆಲ್ಲ ಒಂದೇ ಬಗೆಯವಲ್ಲ. ರಮೋನಾ ಟ್ಯಾಂಗ್ ಮತ್ತು ಸುಗಂತಿ ಜಾನ್ ಎಂಬವರು ಸಿಂಗಪುರದ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಪರಿಶೀಲಿಸಿ 1999ರಲ್ಲಿ ಆರು ಬಗೆಗಳನ್ನು ಗುರುತಿಸಿದರು. ಜನಸಮುದಾಯದ ಪ್ರತಿನಿಧಿಯಾಗಿ ‘ನಾವು’ ಎನ್ನುವುದು ಮೊದಲನೆಯದು. ಓದುಗನ ಕೈಹಿಡಿದು ನಡೆಸುವುದು ಎರಡನೆಯದು. ಪ್ರಬಂಧದ ಕಟ್ಟಡವನ್ನು ತಾನು ಹೇಗೆ ಕಟ್ಟುತ್ತಿದ್ದೇನೆಂದು ತಿಳಿಸುವ ಶಿಲ್ಪಿಯ ಪಾತ್ರ ಮೂರನೆಯದು. ಮಾಡಿದ ಕೆಲಸದ ವರದಿ ಒಪ್ಪಿಸುವುದು ನಾಲ್ಕನೆಯದು. ಒಂದು ಅಭಿಪ್ರಾಯಕ್ಕೆ ತನ್ನ ಒಪ್ಪಿಗೆಯನ್ನೋ ಅಸಮ್ಮತಿಯನ್ನೋ ಸೂಚಿಸುವುದು ಐದನೆಯದು. ಹೊಸ ವಿಚಾರವೊಂದನ್ನು ತನ್ನದೆಂದು ಮುಂದಿಡುವುದು ಆರನೆಯದು. ಮೊದಲಿನ ಬಗೆಯಿಂದ ಕೊನೆಯ ಬಗೆಗೆ ಸಾಗಿದಂತೆ ಕರ್ತೃವಿನ ಹೊಣೆ ಹೆಚ್ಚುತ್ತ ಹೋಗುತ್ತದೆ. ಆ ವಿದ್ಯಾರ್ಥಿಗಳ ಬರಹದಲ್ಲಿ ಆರನೆಯ ಬಗೆ ತೀರ ಅಪರೂಪವಾಗಿತ್ತು.

ಈ ವಿಂಗಡಣೆಯ ಮೌಲ್ಯ ದೊಡ್ಡದು. ‘ಮುಂದಿನ ಅಧ್ಯಾಯದಲ್ಲಿ ನಾನು ಇದನ್ನು ಚರ್ಚಿಸುತ್ತೇನೆ’ ಎಂಬ ವಾಕ್ಯದಲ್ಲಿ ‘ನಾನು’ ಇದ್ದರೂ ಇಲ್ಲದಿದ್ದರೂ ಹೆಚ್ಚಿನ ವ್ಯತ್ಯಾಸವಿಲ್ಲ. ‘ಈವರೆಗಿನ ವಿದ್ವಾಂಸರ ನಿರ್ಣಯ ತಪ್ಪೆಂದು ನಾನು ವಾದಿಸುತ್ತೇನೆ’ ಎಂಬ ವಾಕ್ಯದಿಂದ ‘ನಾನು’ವನ್ನು ತೆಗೆದರೆ ಆ ಮಾತಿಗೆ ಉತ್ತರ ಹೇಳುವವರೇ ಇಲ್ಲವಾಗುತ್ತಾರೆ. ಸರ್ವನಾಮವನ್ನು ಸಾರಾಸಗಟಾಗಿ ನಿಷೇಧಿಸುವವರು ಈ ಎರಡು ವಾಕ್ಯಗಳ ಅಂತರವನ್ನು ಗಮನಿಸುವುದಿಲ್ಲ.

ಕೆನ್ ಹೈಲಂಡ್ ಎಂಬ ಭಾಷಾವಿಜ್ಞಾನಿ 2005ರಲ್ಲಿ ಮಂಡಿಸಿದ ವಿಚಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆತ ಎಂಟು ಶಾಸ್ತ್ರಗಳಿಂದ ಆಯ್ದ 240 ಸಂಶೋಧನ ಲೇಖನಗಳನ್ನು ಪರಿಶೀಲಿಸಿದನು. ಕರ್ತೃವಿನ ಇರವು ಸರ್ವನಾಮದಲ್ಲಷ್ಟೇ ಇರುವುದಿಲ್ಲ ಎಂಬುದು ಆತನ ಪ್ರತಿಪಾದನೆ. ‘ಬಹುಶಃ’, ‘ಇರಬಹುದು’, ‘ತೋರುತ್ತದೆ’ ಎಂದು ಅಳೆದು ನುಡಿಯುವುದರಲ್ಲಿ ಕರ್ತೃ ಇದ್ದಾನೆ. ‘ನಿಸ್ಸಂದೇಹವಾಗಿ’ ಎಂದು ಒತ್ತಿ ನುಡಿಯುವುದರಲ್ಲಿಯೂ ಇದ್ದಾನೆ. ‘ಆಶ್ಚರ್ಯವೆಂದರೆ’, ‘ದುರದೃಷ್ಟವಶಾತ್’ ಎಂಬ ಮಾತುಗಳಲ್ಲಿ ಅವನ ಮನೋಭಾವ ಇಣುಕುತ್ತದೆ. ಓದುಗನನ್ನು ಪ್ರಶ್ನಿಸುವಾಗ, ‘ಗಮನಿಸಿ’ ಎಂದು ಎಚ್ಚರಿಸುವಾಗ ಅವನು ಎದುರಿಗೇ ಬಂದು ನಿಲ್ಲುತ್ತಾನೆ. ತತ್ತ್ವಶಾಸ್ತ್ರ, ಸಮಾಜಶಾಸ್ತ್ರಗಳ ಬರಹದಲ್ಲಿ ಇಂತಹ ಗುರುತುಗಳು ಹೇರಳ. ಭೌತವಿಜ್ಞಾನ, ಯಂತ್ರಶಾಸ್ತ್ರಗಳಲ್ಲಿ ವಿರಳ. ಒಂದೇ ಇಂಗ್ಲಿಷಿನೊಳಗೆ ಇಷ್ಟು ಭೇದವಿರುವಾಗ ‘ಇಂಗ್ಲಿಷಿನ ಪದ್ಧತಿ’ ಎಂದು ಒಂದನ್ನೇ ಬೆರಳು ಮಾಡಿ ತೋರಿಸಲು ಬರುವುದಿಲ್ಲ.

ಸ್ಪ್ಯಾನಿಷಿನ ಮರ್ಯಾದೆ

ಸ್ಪ್ಯಾನಿಷಿಗೆ ಬಂದರೆ ಮೊದಲು ವ್ಯಾಕರಣವನ್ನೇ ನೋಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃಪದವಿಲ್ಲದೆ ವಾಕ್ಯ ನಿಲ್ಲದು. ಸ್ಪ್ಯಾನಿಷಿನಲ್ಲಿ ಕ್ರಿಯಾಪದದ ಕೊನೆಯೇ ಪುರುಷವನ್ನು ಸೂಚಿಸುತ್ತದೆ. ‘ಪಿಯೆನ್ಸೋ’ ಎಂದರೆ ‘ಯೋಚಿಸುತ್ತೇನೆ’. ‘ಪೆನ್ಸಾಮೋಸ್’ ಎಂದರೆ ‘ಯೋಚಿಸುತ್ತೇವೆ’. ‘ಯೋ’, ಅಂದರೆ ‘ನಾನು’ ಎಂಬ ಪದವನ್ನು ಬಿಡಿಯಾಗಿ ಬಳಸಿದರೆ ಅದು ಒತ್ತಿನ ಮಾತಾಗುತ್ತದೆ. ‘ಬೇರೆಯವರೇನೇ ಎನ್ನಲಿ, ನಾನಂತೂ’ ಎಂಬ ಧ್ವನಿ ಅದಕ್ಕೆ ಬರುತ್ತದೆ. ಈ ಕಾರಣದಿಂದ ಸ್ಪ್ಯಾನಿಷ್ ಪುಟವೊಂದರಲ್ಲಿ ‘ನಾನು’ ಎಷ್ಟು ಸಲ ಬಂದಿದೆಯೆಂದು ಎಣಿಸುವವನಿಗೆ ಕರ್ತೃ ಸಿಕ್ಕುವುದಿಲ್ಲ. ಅವನು ಪ್ರತ್ಯಯದಲ್ಲಿ ಅಡಗಿ ಕುಳಿತಿರುತ್ತಾನೆ.

ಒಬ್ಬನೇ ಬರೆದರೂ ಬಹುವಚನದ ಕ್ರಿಯಾಪದವನ್ನು ಬಳಸುವುದು ಸ್ಪ್ಯಾನಿಷ್ ವಿದ್ವಾಂಸರ ಹಳೆಯ ಪದ್ಧತಿ. ಅಲ್ಲಿಯ ವೈಯಾಕರಣರು ಇದನ್ನು ‘ವಿನಯದ ಬಹುವಚನ’ವೆಂದು ಕರೆಯುತ್ತಾರೆ. ರಾಜರು, ಧರ್ಮಾಧ್ಯಕ್ಷರು ತಮ್ಮನ್ನು ‘ನಾವು’ ಎಂದುಕೊಳ್ಳುವ ಘನತೆಯ ಬಹುವಚನವೇ ಬೇರೆ, ಇದೇ ಬೇರೆ. ಇಲ್ಲಿ ವಿದ್ವಾಂಸ ತನ್ನನ್ನು ಹಿಂದಿನ ಪಂಡಿತರ, ಮುಂದಿನ ಓದುಗರ ಸಾಲಿನಲ್ಲಿ ಒಬ್ಬನೆಂದು ಸೇರಿಸಿಕೊಳ್ಳುತ್ತಾನೆ. ‘ನಾವು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿರುವ ‘ನೋಸೋತ್ರೋಸ್’ ಎಂಬ ಪದದ ವ್ಯುತ್ಪತ್ತಿಯೂ ಕುತೂಹಲಕರ. ಅದು ‘ನಾವು’ ಮತ್ತು ‘ಇತರರು’ ಎಂಬ ಎರಡು ಪದಗಳು ಕೂಡಿ ಆದುದು. ಉಳಿದವರಿಂದ ತಮ್ಮನ್ನು ಬೇರ್ಪಡಿಸಿ ಹೇಳಲು ಹುಟ್ಟಿದ ಪದ ಕಾಲಕ್ರಮದಲ್ಲಿ ಎಲ್ಲರನ್ನೂ ಒಳಗೊಳ್ಳುವ ಸಾಮಾನ್ಯ ‘ನಾವು’ ಆಯಿತು.

ಇದಲ್ಲದೆ ‘ಸೆ’ ಎಂಬ ಪುಟ್ಟ ಪದದ ನೆರವಿನಿಂದ ಕರ್ತೃವನ್ನೇ ಹೇಳದೆ ಮಾತು ಮುಗಿಸುವ ಪ್ರಯೋಗವೂ ಅಲ್ಲಿ ವ್ಯಾಪಕವಾಗಿದೆ. ‘ಸೆ ಒಬ್ಸೆರ್ವಾ’ ಎಂದರೆ ಕನ್ನಡದ ‘ಕಂಡುಬರುತ್ತದೆ’ ಎಂಬುದಕ್ಕೆ ತೀರ ಸಮೀಪ. ಯಾರಿಗೆ ಕಂಡುಬಂತೆಂಬುದನ್ನು ಅದು ಹೇಳುವುದಿಲ್ಲ. ಯಾರಿಗಾದರೂ ಕಂಡೀತೆಂಬ ಭರವಸೆಯನ್ನು ಮಾತ್ರ ನೀಡುತ್ತದೆ.

ವ್ಯಾಕರಣ ಒದಗಿಸಿದ ಈ ಮರೆಗಳನ್ನು ಕಂಡು ಸ್ಪ್ಯಾನಿಷ್ ವಿದ್ವಾಂಸರು ಸದಾ ಮುಖ ಮರೆಸಿಕೊಂಡವರೆಂದು ಭಾವಿಸುವುದು ತಪ್ಪಾದೀತು. ಮೆಕ್ಸಿಕೋ ನಗರದ ಕ್ರೈಸ್ತ ಸನ್ಯಾಸಿನಿ ಸೋರ್ ಹ್ವಾನಾ ಇನೇಸ್ ದೆ ಲಾ ಕ್ರೂಸ್ ಅವರ ಉದಾಹರಣೆಯನ್ನು ಇಲ್ಲಿ ವಿವರವಾಗಿ ನೋಡುವುದು ಉಚಿತ. ಪೋರ್ಚುಗೀಸ್ ಪಾದ್ರಿ ಅಂತೋನಿಯೋ ವಿಯೇರಾನ ಧರ್ಮೋಪದೇಶವೊಂದನ್ನು ಅವರು ತರ್ಕಬದ್ಧವಾಗಿ ವಿಮರ್ಶಿಸಿದ್ದರು. ಪ್ವೆಬ್ಲಾ ನಗರದ ಬಿಷಪ್ 1690ರಲ್ಲಿ ಆ ವಿಮರ್ಶೆಯನ್ನು ಅಚ್ಚು ಹಾಕಿಸಿದನು. ಅದರೊಡನೆ, ಲೌಕಿಕ ವಿದ್ಯೆಯನ್ನು ಬಿಟ್ಟು ಧರ್ಮಗ್ರಂಥಗಳತ್ತ ಮನಸ್ಸು ತಿರುಗಿಸಬೇಕೆಂದು ಬುದ್ಧಿ ಹೇಳುವ ಪತ್ರವನ್ನೂ ಸೇರಿಸಿದನು. ಆ ಪತ್ರಕ್ಕೆ ತನ್ನ ಹೆಸರನ್ನು ಹಾಕದೆ ‘ಸೋರ್ ಫಿಲೋತೇಯಾ’ ಎಂಬ ಸನ್ಯಾಸಿನಿಯ ಹೆಸರಿನ ಹಿಂದೆ ಅಡಗಿಕೊಂಡನು.

ಸೋರ್ ಹ್ವಾನಾ 1691ರಲ್ಲಿ ಇದಕ್ಕೆ ಬರೆದ ಉತ್ತರ ಸ್ಪ್ಯಾನಿಷ್ ಗದ್ಯದ ಮಹತ್ವದ ಕೃತಿಗಳಲ್ಲೊಂದು. ಅದರ ತುಂಬ ಉತ್ತಮಪುರುಷವಿದೆ, ಅದರ ತುಂಬ ವಿನಯವೂ ಇದೆ. ತಾನು ಅಜ್ಞಾನಿ, ಅಯೋಗ್ಯಳು ಎಂದು ಅವರು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ಹಾಗೆ ಹೇಳಿಕೊಳ್ಳುತ್ತಲೇ ಮೂರನೆಯ ವಯಸ್ಸಿಗೆ ಅಕ್ಷರ ಕಲಿತುದನ್ನು, ಗೊತ್ತುಮಾಡಿಕೊಂಡ ಅವಧಿಯೊಳಗೆ ಪಾಠ ಕರಗತವಾಗದಿದ್ದರೆ ತಾನೇ ತನ್ನ ಕೂದಲನ್ನು ಕತ್ತರಿಸಿಕೊಂಡುದನ್ನು ನಿರೂಪಿಸುತ್ತಾರೆ. ಅಡುಗೆಮನೆಯಲ್ಲಿ ಮೊಟ್ಟೆ, ಎಣ್ಣೆ, ಸಕ್ಕರೆಪಾಕಗಳ ಗುಣವನ್ನು ನೋಡಿ ಪ್ರಕೃತಿಯ ನಿಯಮಗಳನ್ನು ಚಿಂತಿಸಿದುದನ್ನು ವರ್ಣಿಸಿ, ಅರಿಸ್ಟಾಟಲನಿಗೆ ಅಡುಗೆ ಬರುತ್ತಿದ್ದರೆ ಅವನ ಗ್ರಂಥರಾಶಿ ಇನ್ನೂ ದೊಡ್ಡದಾಗುತ್ತಿತ್ತೆಂದು ನಗೆಯಾಡುತ್ತಾರೆ. ಬಳಿಕ ಧರ್ಮಗ್ರಂಥಗಳಿಂದಲೂ ಇತಿಹಾಸದಿಂದಲೂ ವಿದುಷಿಯರ ಹೆಸರುಗಳನ್ನು ಸಾಲಾಗಿ ಎತ್ತಿ ಹೇಳಿ, ಸ್ತ್ರೀಯರಿಗೆ ವಿದ್ಯೆಯ ಅಧಿಕಾರವಿದೆಯೆಂದು ಸ್ಥಾಪಿಸುತ್ತಾರೆ.

ಹೆಸರು ಮರೆಸಿದ ಬಿಷಪ್ಪನ ಮಾತಿನಲ್ಲಿ ಅಧಿಕಾರವಿತ್ತು, ಹೊಣೆ ಇರಲಿಲ್ಲ. ಸೋರ್ ಹ್ವಾನಾ ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ಅವರು ತಮ್ಮ ಹೆಸರಿನಲ್ಲಿಯೇ ನಿಂತು ಹೊಣೆಯನ್ನು ಹೊತ್ತರು. 1695ರಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾದ ಸಹಸನ್ಯಾಸಿನಿಯರ ಶುಶ್ರೂಷೆ ಮಾಡುತ್ತ ಅವರು ತೀರಿಕೊಂಡರು. ಆ ಉತ್ತರ ಅಚ್ಚಾಗಿ ಹೊರಬಂದುದು 1700ರಲ್ಲಿ. ಭಾರತದಲ್ಲಿ 1962ರಿಂದ 1968ರವರೆಗೆ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೋ ಪಾಸ್ 1982ರಲ್ಲಿ ಅವರನ್ನು ಕುರಿತು ಬೃಹತ್ ಗ್ರಂಥವನ್ನೇ ರಚಿಸಿದನು. ವಿನಯವೆಂದರೆ ಇಲ್ಲದಂತಾಗುವುದೆಂದು ತಿಳಿದವರು ಓದಲೇಬೇಕಾದ ಕೃತಿ ಈ ಸನ್ಯಾಸಿನಿಯ ಉತ್ತರ.

ಇಪ್ಪತ್ತನೆಯ ಶತಮಾನದ ಸ್ಪೇನಿನಲ್ಲಿಯೂ ಈ ಪರಂಪರೆಗೆ ಕೊರತೆಯಿಲ್ಲ. ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಸಾಂತಿಯಾಗೋ ರಾಮೋನ್ ಇ ಕಾಹಾಲ್ ತರುಣ ಸಂಶೋಧಕರಿಗೆ ಹಿತವಚನ ಹೇಳುವ ಗ್ರಂಥವನ್ನು ಬರೆದಿದ್ದಾನೆ. ಅದರ ಮೂಲ 1897ರಲ್ಲಿ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿದ ಭಾಷಣ. ಹೇಳಲು ಹೊಸದೇನಾದರೂ ಇದ್ದಾಗ ಮಾತ್ರ ಬರೆಯಬೇಕು, ಹೇಳಿ ಮುಗಿದೊಡನೆ ನಿಲ್ಲಿಸಬೇಕು ಎಂಬುದು ಅಲ್ಲಿಯ ಉಪದೇಶದ ತಿರುಳು. ಮಿಗೆಲ್ ದೆ ಉನಾಮುನೋ, ಹೋಸೆ ಓರ್ತೇಗಾ ಇ ಗಾಸೆತ್ ಇವರ ತತ್ತ್ವಗದ್ಯವಂತೂ ‘ನಾನು’ವಿನಿಂದಲೇ ಉಸಿರಾಡುತ್ತದೆ. ಮನುಷ್ಯನ ‘ನಾನು’ ಅವನ ಸುತ್ತಣ ಪರಿಸ್ಥಿತಿಯನ್ನೂ ಒಳಗೊಂಡಿದೆ ಎಂಬುದು ಓರ್ತೇಗಾ 1914ರಲ್ಲಿ ಮಂಡಿಸಿದ ವಿಖ್ಯಾತ ಸಿದ್ಧಾಂತ.

ಎಣಿಕೆಯ ಮಿತಿ

ಈ ಹಿನ್ನೆಲೆಯಲ್ಲಿ ಹೋಲಿಕೆಯ ಅಧ್ಯಯನಗಳನ್ನು ಪರಾಮರ್ಶಿಸಬಹುದು. ರಾಬರ್ಟ್ ಕ್ಯಾಪ್ಲನ್ ಎಂಬ ಅಮೆರಿಕನ್ ವಿದ್ವಾಂಸ 1966ರಲ್ಲಿ ಬೇರೆಬೇರೆ ಭಾಷಾವರ್ಗಗಳ ಚಿಂತನಕ್ರಮವನ್ನು ಗೆರೆಗಳಲ್ಲಿ ಬರೆದು ತೋರಿಸಿದನು. ಇಂಗ್ಲಿಷಿಗೆ ನೇರ ಗೆರೆ, ಸ್ಪ್ಯಾನಿಷ್ ಸೇರಿದ ರೋಮಾನ್ಸ್ ಭಾಷೆಗಳಿಗೆ ಅಂಕುಡೊಂಕಾದ ಗೆರೆ. ತನ್ನ ಭಾಷೆಯ ದಾರಿಯನ್ನು ನೇರವೆಂದೂ ನೆರೆಯವರ ದಾರಿಯನ್ನು ಡೊಂಕೆಂದೂ ಕಾಣುವ ದೃಷ್ಟಿದೋಷ ಇದರಲ್ಲಿದೆಯೆಂದು ನಂತರದ ವಿದ್ವಾಂಸರು ಇದನ್ನು ಬಲವಾಗಿ ಖಂಡಿಸಿದರು.

ಸ್ಪೇನಿನ ಸಾರಗೋಸ ವಿಶ್ವವಿದ್ಯಾಲಯದ ಪಿಲಾರ್ ಮುರ್-ದುವೇನ್ಯಾಸ್ ಅವರ ಅಧ್ಯಯನಗಳು ಇದಕ್ಕಿಂತ ಹೆಚ್ಚು ಶಿಸ್ತಿನವು. ವಾಣಿಜ್ಯ ನಿರ್ವಹಣಶಾಸ್ತ್ರದ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಲೇಖನಗಳನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದ ಬರಹದಲ್ಲಿ, ಇಂಗ್ಲಿಷ್ ಲೇಖಕರು ತಮ್ಮನ್ನು ತಾವು ಹೆಸರಿಸಿಕೊಳ್ಳುವ ಪ್ರಮಾಣ ಸ್ಪ್ಯಾನಿಷ್ ಲೇಖಕರಿಗಿಂತ ಗಣನೀಯವಾಗಿ ಹೆಚ್ಚೆಂದು ಅವರು ತೋರಿಸಿದರು. ಕ್ರಿಯಾಪದದ ಪ್ರತ್ಯಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಈ ಫಲಿತಕ್ಕೆ ತೂಕವಿದೆ. ದೊಡ್ಡ ಪೈಪೋಟಿಯ ನಡುವೆ ತನ್ನ ಕೊಡುಗೆ ಇದೆಂದು ಸಾರಿ ಹೇಳಬೇಕಾದ ಒತ್ತಡ ಇಂಗ್ಲಿಷ್ ಲೇಖಕನ ಮೇಲಿದೆ. ಚಿಕ್ಕದಾದ, ಪರಸ್ಪರ ಪರಿಚಿತವಾದ ವಿದ್ವತ್ ಸಮಾಜಕ್ಕೆ ಬರೆಯುವ ಸ್ಪ್ಯಾನಿಷ್ ಲೇಖಕನಿಗೆ ಅಂತಹ ಒತ್ತಡ ಕಡಿಮೆ. ಭೇದಕ್ಕೆ ಕಾರಣವನ್ನು ಇಲ್ಲಿ ಹುಡುಕಿದರೆ ಸಾಕು. ಜನಾಂಗದ ಸ್ವಭಾವವನ್ನು ನಡುವೆ ತರಬೇಕಾಗಿಲ್ಲ.

ಇಷ್ಟರಿಂದಲೇ ‘ಇಂಗ್ಲಿಷಿನವ ದಿಟ್ಟ, ಸ್ಪ್ಯಾನಿಷಿನವ ಸಂಕೋಚಿ’ ಎಂಬ ನಿರ್ಣಯಕ್ಕೆ ಜಿಗಿಯುವವರಿಗೆ ಇನ್ನೊಂದು ಅಧ್ಯಯನ ತಡೆಯೊಡ್ಡುತ್ತದೆ. ವೆನೆಜುವೆಲಾದಲ್ಲಿ ನೆಲಸಿದ ಫ್ರಾನ್ಸ್ವಾಸ್ ಸಲಜೇ-ಮೇಯೆರ್ ಮತ್ತು ಅವರ ಸಹೋದ್ಯೋಗಿಗಳು 1930ರಿಂದ 1995ರವರೆಗಿನ ಸ್ಪ್ಯಾನಿಷ್, ಫ್ರೆಂಚ್ ಮತ್ತು ಇಂಗ್ಲಿಷ್ ವೈದ್ಯಕೀಯ ಲೇಖನಗಳಲ್ಲಿ ಪರಮತಖಂಡನೆ ಹೇಗೆ ನಡೆಯುತ್ತದೆಂಬುದನ್ನು ಪರಿಶೀಲಿಸಿ 2003ರಲ್ಲಿ ಫಲಿತವನ್ನು ಪ್ರಕಟಿಸಿದರು. ಕತ್ತಿ, ಕಠಾರಿ, ಕೈಗವಸು ಎಂದು ಅದರ ತಲೆಬರಹ ತೊಡಗುತ್ತದೆ. ಸ್ಪ್ಯಾನಿಷ್ ಮತ್ತು ಫ್ರೆಂಚ್ ವೈದ್ಯರ ಖಂಡನೆ ನೇರವೂ ವೈಯಕ್ತಿಕವೂ ಆಗಿ ಆವೇಶದಿಂದ ಕೂಡಿರುತ್ತದೆ. ಇಂಗ್ಲಿಷ್ ಬರಹದಲ್ಲಿ ಅದೇ ಖಂಡನೆ ಮುಸುಕು ಹಾಕಿಕೊಂಡು ಬರುತ್ತದೆ.

ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟಾಗ ಕಾಣುವ ಚಿತ್ರ ಸ್ವಾರಸ್ಯಕರ. ಸ್ಪ್ಯಾನಿಷ್ ಲೇಖಕ ತನ್ನನ್ನು ಹೆಸರಿಸಿಕೊಳ್ಳುವಲ್ಲಿ ಹಿಂಜರಿಯುತ್ತಾನೆ, ಎದುರಾಳಿಯ ತಪ್ಪನ್ನು ಹೆಸರಿಸುವಲ್ಲಿ ಹಿಂಜರಿಯುವುದಿಲ್ಲ. ಇಂಗ್ಲಿಷ್ ಲೇಖಕ ‘ನಾನು’ ಎಂದು ಮುಂದೆ ಬರುತ್ತಾನೆ, ಮುಂದೆ ಬಂದವನು ‘ಬಹುಶಃ’ ಎಂದು ದನಿ ತಗ್ಗಿಸುತ್ತಾನೆ. ಎರಡು ಶಾಸ್ತ್ರಗಳ, ಎರಡು ಕಾಲಘಟ್ಟಗಳ ಲೇಖನಗಳಾದುದರಿಂದ ಇವನ್ನು ಎಲ್ಲ ಬರಹಕ್ಕೂ ಅನ್ವಯಿಸಲಾಗದು. ಆದರೆ ದಿಟ್ಟತನವನ್ನೂ ವಿನಯವನ್ನೂ ಸರ್ವನಾಮವನ್ನು ಎಣಿಸಿ ಅಳೆಯಲಾಗದೆಂಬುದು ಇವುಗಳಿಂದ ನಿಚ್ಚಳವಾಗುತ್ತದೆ. ಎಣಿಕೆ ಆರಂಭಕ್ಕೆ ಬೇಕು, ನಿರ್ಣಯಕ್ಕೆ ಸಾಲದು.

ಇದು ಪಂಡಿತರ ಕಾಲಕ್ಷೇಪದ ಚರ್ಚೆಯೇನೂ ಅಲ್ಲ. ಸ್ಪೇನಿನಲ್ಲಿ 1989ರಿಂದ ಅಧ್ಯಾಪಕರ ಸಂಶೋಧನೆಯನ್ನು ಆರು ವರ್ಷಗಳಿಗೊಮ್ಮೆ ಮೌಲ್ಯಮಾಪನ ಮಾಡಿ ವೇತನಭತ್ಯ ನೀಡುವ ಪದ್ಧತಿ ಜಾರಿಗೆ ಬಂದಿತು. ಅನೇಕ ಶಾಸ್ತ್ರಗಳಲ್ಲಿ ಅಂತರರಾಷ್ಟ್ರೀಯ ಸೂಚಿಗಳಲ್ಲಿ ಸೇರಿದ ಪತ್ರಿಕೆಗಳಿಗೆ ಹೆಚ್ಚಿನ ಮನ್ನಣೆ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವು. ಪರಿಣಾಮವಾಗಿ ಸ್ಪ್ಯಾನಿಷ್ ವಿದ್ವಾಂಸ ಭಾಷೆಯನ್ನಷ್ಟೇ ಅಲ್ಲದೆ ಭಾಷೆಯೊಳಗಿನ ತನ್ನ ನಿಲುವನ್ನೂ ಬದಲಿಸಬೇಕಾಯಿತು. ಅವನ ವಿನಯದ ಬಹುವಚನ ಇಂಗ್ಲಿಷ್ ಪರಿಶೀಲಕನಿಗೆ ‘ಇನ್ನೊಬ್ಬ ಲೇಖಕ ಯಾರು?’ ಎಂಬ ಗೊಂದಲವನ್ನುಂಟುಮಾಡಬಹುದು. ಕರ್ತೃವನ್ನು ಹೇಳದ ಅವನ ವಾಕ್ಯ ದುರ್ಬಲವಾಗಿ ಕಾಣಬಹುದು. ಅವನ ನೇರವಾದ ಖಂಡನೆ ಒರಟಾಗಿ ಕೇಳಿಸಬಹುದು. ಒಂದು ಭಾಷೆಯ ಸೌಜನ್ಯ ಇನ್ನೊಂದರ ತಕ್ಕಡಿಯಲ್ಲಿ ಕೊರತೆಯಾಗುವುದು ಹೀಗೆ. ಐವತ್ತು ಕೋಟಿಗೆ ಸಮೀಪದ ಜನರ ತಾಯ್ನುಡಿಯಾದ ಸ್ಪ್ಯಾನಿಷಿಗೇ ಈ ಸಂಕಟವಿರುವಾಗ, ಅದಕ್ಕಿಂತ ಚಿಕ್ಕ ಭಾಷೆಗಳು ತಮ್ಮ ವಿದ್ವತ್ ಗದ್ಯದ ಮರ್ಯಾದೆಯನ್ನು ಎಚ್ಚರದಿಂದ ಕಾಪಾಡಿಕೊಳ್ಳಬೇಕಾಗುತ್ತದೆ.

ಕನ್ನಡಕ್ಕೆ ಒಂದು ಪಾಠ

ಈ ವಿಷಯದಲ್ಲಿ ಕನ್ನಡ ವ್ಯಾಕರಣ ಇಂಗ್ಲಿಷಿಗಿಂತ ಸ್ಪ್ಯಾನಿಷಿಗೆ ಹತ್ತಿರದ್ದು. ‘ಭಾವಿಸುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ‘ಪರಿಶೀಲಿಸಲಾಗಿದೆ’ ಎಂದರೆ ಕರ್ತೃಪದವೇ ಬೇಕಿಲ್ಲ. ತಮಿಳು, ತೆಲುಗುಗಳು ಕೇಳುಗನನ್ನು ಸೇರಿಸಿಕೊಂಡ ‘ನಾವು’ವಿಗೂ ಅವನನ್ನು ಬಿಟ್ಟ ‘ನಾವು’ವಿಗೂ ಬೇರೆ ಬೇರೆ ಪದಗಳನ್ನಿಟ್ಟುಕೊಂಡಿವೆ. ಕನ್ನಡದ ‘ನಾವು’ ಎರಡೂ ಕೆಲಸವನ್ನು ಮಾಡುತ್ತದೆ. ಈ ಸೌಕರ್ಯಗಳಿರುವಾಗ ‘ಪ್ರಸ್ತುತ ಸಂಶೋಧಕನಿಂದ ಅಭಿಪ್ರಾಯಪಡಲ್ಪಟ್ಟಿದೆ’ ಎಂಬಂತಹ ವಾಕ್ಯ ಕನ್ನಡದ ಜಾಯಮಾನಕ್ಕೆ ಸಲ್ಲದು. ಇಂಗ್ಲಿಷ್ ತಾನೇ ಸಡಿಲಿಸಿಕೊಂಡ ಅಂಗಿಯನ್ನು ಕನ್ನಡ ಗುಂಡಿ ಹಾಕಿ ತೊಟ್ಟುಕೊಂಡಂತಾಗಿದೆ.

ಶರಣರ ವಚನಗಳು ಶಾಸ್ತ್ರಲೇಖನಗಳಲ್ಲ. ಅವನ್ನು ಸಂಶೋಧನ ಪತ್ರಿಕೆಯ ಬರಹದೊಡನೆ ತೂಗುವುದು ಸರಿಯಲ್ಲ. ಆದರೆ ಕರ್ತೃವಿನ ಇರವನ್ನು ಕುರಿತು ಅವರು ಕಂಡುಕೊಂಡ ಕ್ರಮದಿಂದ ಕಲಿಯುವುದು ಬಹಳವಿದೆ. ಬಸವಣ್ಣನವರ ವಚನಗಳಲ್ಲಿ ‘ಎನ್ನ’, ‘ಎನಗೆ’ ಎಂಬ ಪದಗಳು ಎಡೆಬಿಡದೆ ಬರುತ್ತವೆ. ತಪ್ಪೊಪ್ಪಿಗೆಯಲ್ಲಿ, ಮೊರೆಯಲ್ಲಿ, ನಿಷ್ಠುರದ ನುಡಿಯಲ್ಲಿ ಅವರು ಮರೆಗೆ ಸರಿಯುವುದಿಲ್ಲ. ಮುಕ್ತಾಯದ ಅಂಕಿತ ಮಾತ್ರ ಕೂಡಲಸಂಗಮದೇವನದು. ನುಡಿಯ ಹೊಣೆ ನುಡಿದವನದು, ಹಿರಿಮೆ ದೇವನದು ಎಂಬ ವಿಭಾಗ ಇಲ್ಲಿದೆ. ಅಂಬಿಗರ ಚೌಡಯ್ಯನಾದರೋ ತನ್ನ ಹೆಸರನ್ನೇ, ತನ್ನ ಕಾಯಕದೊಡನೆ, ಅಂಕಿತವಾಗಿ ಇಟ್ಟುಕೊಂಡನು. ಅವನ ವಚನಗಳ ಕಟುತ್ವಕ್ಕೆ ಅದೇ ತಕ್ಕುದು. ಕಟುವಾದ ಮಾತನ್ನಾಡಿದವನು ತನ್ನ ಹೆಸರನ್ನು ಮುಚ್ಚಿಡಲಿಲ್ಲ. ಇವನನ್ನು ಅಹಂಕಾರಿಯೆಂದು ಕರೆದ ಶರಣರಿಲ್ಲ.

ಶೂನ್ಯಸಂಪಾದನೆಯ ಸಂಪಾದಕರ ದಾರಿ ಇನ್ನೊಂದು ಬಗೆಯದು. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯರವರೆಗೆ ಅವರು ಪ್ರಾಚೀನರ ವಚನಗಳನ್ನು ಆಯ್ದು, ಸಂವಾದದ ರೂಪದಲ್ಲಿ ಜೋಡಿಸಿ, ನಡುನಡುವೆ ಕಿರುಗದ್ಯದಿಂದ ಬೆಸೆದರು. ಆ ಸಂವಾದಗಳಲ್ಲಿ ಸಂಪಾದಕನ ‘ನಾನು’ ದನಿಗೂಡಿಸುವುದಿಲ್ಲ. ಆದರೂ ಯಾವ ಮಾತಿಗೆ ಯಾವ ಉತ್ತರ, ಯಾರ ನಂತರ ಯಾರು ಎಂಬ ಜೋಡಣೆಯಲ್ಲಿ ಅವರ ವಿವೇಕವೆಲ್ಲ ಅಡಗಿದೆ. ಟ್ಯಾಂಗ್ ಮತ್ತು ಜಾನ್ ಹೇಳುವ ಶಿಲ್ಪಿಯ ಪಾತ್ರವನ್ನು ಸರ್ವನಾಮದ ನೆರವಿಲ್ಲದೆ ಅವರು ನಿರ್ವಹಿಸಿದ್ದಾರೆ. ಅಲ್ಲಿ ಪ್ರಧಾನರಾದವರು ಅಲ್ಲಮಾದಿ ಶರಣರು. ಸಂಪಾದಕ ಹಿಂದೆ ಸರಿದುದು ಉಚಿತವೇ ಆಯಿತು.

ಈ ಎರಡು ದಾರಿಗಳಿಂದ ಒಂದು ನಿಯಮವನ್ನು ಕಂಡುಕೊಳ್ಳಬಹುದು. ಹೊಣೆ ಹೊರಬೇಕಾದಲ್ಲಿ ಕರ್ತೃ ಮುಂದೆ ಬರಬೇಕು. ಕೀರ್ತಿ ಇತರರಿಗೆ ಸಲ್ಲಬೇಕಾದಲ್ಲಿ ಹಿಂದೆ ಸರಿಯಬೇಕು. ಹಸ್ತಪ್ರತಿಯ ಪಾಠವನ್ನು ವರದಿ ಮಾಡುವಾಗ ‘ಎಂದಿದೆ’ ಎಂದರೆ ಸಾಕು. ಆ ಪಾಠವನ್ನು ಬಿಟ್ಟು ಬೇರೊಂದನ್ನು ಸ್ವೀಕರಿಸಿದಾಗ ‘ಸ್ವೀಕರಿಸಿದ್ದೇನೆ’ ಎನ್ನಬೇಕು, ಏಕೆಂದರೆ ನಾಳೆ ಅದು ತಪ್ಪೆಂದು ತೋರಿಬಂದರೆ ಉತ್ತರ ಹೇಳಬೇಕಾದವನು ಅವನೇ. ತನ್ನ ಊಹೆಯನ್ನು ‘ವಿದ್ವಾಂಸರ ಅಭಿಮತ’ವೆಂದು ತೇಲಿಸುವುದು ವಿನಯವಲ್ಲ, ಜಾರಿಕೊಳ್ಳುವಿಕೆ. ಹಿರಿಯರ ಶೋಧವನ್ನು ‘ನನ್ನ ಶೋಧ’ವೆನ್ನುವುದು ದಿಟ್ಟತನವಲ್ಲ, ಕಳವು.

ಬಿಷಪ್ಪನ ಹೆಸರಿಲ್ಲದ ಪತ್ರವನ್ನೂ ಸೋರ್ ಹ್ವಾನಾ ಅವರ ಹೆಸರುಳ್ಳ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಪ್ರಬಂಧದಲ್ಲಿ ಮುಂದೆಂದಾದರೂ ‘ನಾನು’ ಎಂಬ ಪದ ಕಂಡರೆ, ಮಾರ್ಗದರ್ಶಕರು ಕೆಂಪು ಗೆರೆ ಎಳೆಯುವ ಮುನ್ನ ಒಂದು ಕ್ಷಣ ತಡೆದು, ಆ ‘ನಾನು’ ಏನನ್ನು ಹೊತ್ತು ನಿಂತಿದೆಯೆಂಬುದನ್ನು ನೋಡುವುದು ಲೇಸು.